ಸೋಲಾರ್ ಬ್ಯಾಟರಿ ಬ್ಯಾಂಕ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಲೈನ್ ಕರೆಂಟಿಲ್ಲದ ಮನೆಯಲ್ಲಿ ಸೋಲಾರ್ ಕೈಕೊಟ್ಟರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ‘ಬ್ಯಾಟರಿ ಹೋಯ್ತು, ಬದಲಾಯಿಸಿ’ ಅನ್ನುವುದು ಮಾರುವವರಿಗೂ ಸುಲಭ, ಕೇಳುವವರಿಗೂ ಸುಲಭ. ಆದರೆ ಹೀಗೆ ಗುಜರಿಗೆ ಹೋಗುವ ಟ್ಯೂಬುಲರ್ (ಕೊಳವೆ ಪ್ಲೇಟಿನ, ಆಸಿಡ್ ತುಂಬಿದ) ಬ್ಯಾಟರಿಗಳಲ್ಲಿ ಅನೇಕವಕ್ಕೆ ಇರುವ ಕಾಯಿಲೆ ಮುಪ್ಪಲ್ಲ, ಹಸಿವು. ತಿಂಗಳುಗಟ್ಟಲೆ ಅವು ಒಮ್ಮೆಯೂ ಪೂರ್ತಿ ಚಾರ್ಜ್ ಆಗಿರುವುದಿಲ್ಲ. ಆದ್ದರಿಂದ ಯಾವ ಲಕ್ಷಣ ಕಂಡರೂ ಕೇಳಬೇಕಾದ ಮೊದಲ ಪ್ರಶ್ನೆ ಇದು: ವಾರಕ್ಕೊಮ್ಮೆಯಾದರೂ ಈ ಬ್ಯಾಂಕ್ (ಒಟ್ಟಿಗೆ ಜೋಡಿಸಿದ ಬ್ಯಾಟರಿಗಳು) ನಿಜವಾಗಿ ತುಂಬುತ್ತಿದೆಯೇ?

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಮಲೆನಾಡಿನ ಒಂಟಿಮನೆಗಳಲ್ಲೂ ಬಯಲುಸೀಮೆಯ ತೋಟದ ಮನೆಗಳಲ್ಲೂ ಕಾಣುವ ಸಾಮಾನ್ಯ ಜೋಡಣೆ. 12 ವೋಲ್ಟ್, 150 ಎಎಚ್‌ನ (ಆಂಪಿಯರ್ ಅವರ್, ಸಾಮರ್ಥ್ಯದ ಅಳತೆ) ಎರಡು ಟಾಲ್ ಟ್ಯೂಬುಲರ್ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಸೇರಿಸಿದ 24 ವೋಲ್ಟ್ ಬ್ಯಾಂಕ್, 335 ವ್ಯಾಟ್‌ನ ಎರಡು ಪ್ಯಾನೆಲ್, ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಒಂದು ಚಾರ್ಜ್ ಕಂಟ್ರೋಲರ್, 1 ಕೆವಿಎ ಇನ್ವರ್ಟರ್. ನಿಮ್ಮದು 12 ವೋಲ್ಟ್ ಬ್ಯಾಂಕಾದರೆ ವೋಲ್ಟೇಜಿನ ಅಂಕಿಗಳನ್ನು ಅರ್ಧ ಮಾಡಿಕೊಳ್ಳಿ, 48 ಆದರೆ ಎರಡರಷ್ಟು.

ಕೈ ಹಾಕುವ ಮುನ್ನ

24 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಬೇಡ. ಅಪಾಯ ಇರುವುದು ಬೇರೆ ಕಡೆ. ಪಾಸಿಟಿವ್–ನೆಗೆಟಿವ್ ನಡುವೆ ಒಂದು ಸ್ಪ್ಯಾನರ್ ಬಿದ್ದರೆ ಸಾವಿರಕ್ಕೂ ಮಿಕ್ಕಿ ಆಂಪಿಯರ್ ಹರಿದು ಅದು ಕೆಂಡವಾಗುತ್ತದೆ. ಕೈಯ ಉಂಗುರ, ವಾಚು, ಕೊರಳ ಸರ ಮೊದಲೇ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಚಾರ್ಜ್ ಆಗುವಾಗ ಏಳುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ, ಬೀಡಿ–ಸಿಗರೇಟು ದೂರ ಇರಲಿ. ಬಚ್ಚಲ ಒಲೆಯ ಪಕ್ಕ ಜಾಗ ಇದೆಯೆಂದು ಬ್ಯಾಟರಿ ಇಟ್ಟಿರುವ ಮನೆಗಳಿವೆ. ಅಂಥಲ್ಲಿ ದೋಷ ಹುಡುಕುವುದಕ್ಕೂ ಮೊದಲು ಬ್ಯಾಟರಿಯ ಜಾಗ ಬದಲಾಯಿಸಿ.

ಕನ್ನಡಕ, ರಬ್ಬರ್ ಗ್ಲೌಸ್, ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು, ಒಂದು ಪ್ಯಾಕೆಟ್ ಅಡುಗೆ ಸೋಡಾ ಬೇಕು. ಆಸಿಡ್ ನೆಲಕ್ಕೆ ಚೆಲ್ಲಿದರೆ ಸೋಡಾ ಹಾಕಿ. ಮೈಮೇಲೆ ಬಿದ್ದರೆ ಬರೀ ನೀರು. ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15–20 ನಿಮಿಷ ನೀರು ಹರಿಸಿ, ಆಮೇಲೆ ನೇರ ಆಸ್ಪತ್ರೆಗೆ. ಕಣ್ಣಿಗೆ ಸೋಡಾ ಹಾಕಬಾರದು.

ಬಿಚ್ಚುವ ಕ್ರಮ: ಮೊದಲು ಲೋಡ್ (ಕರೆಂಟ್ ಬಳಸುವ ದೀಪ, ಮಿಕ್ಸಿ ಇತ್ಯಾದಿ) ಆಫ್, ನಂತರ ಪ್ಯಾನೆಲ್ ಐಸೊಲೇಟರ್ (ಪ್ಯಾನೆಲ್ ಸಂಪರ್ಕ ಕಡಿಯುವ ಸ್ವಿಚ್) ಆಫ್, ನಂತರ ಇನ್ವರ್ಟರ್ ಆಫ್, ಕೊನೆಗೆ ಬ್ಯಾಟರಿಯ ನೆಗೆಟಿವ್. ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಪ್ಯಾನೆಲ್ ಬಿಸಿಲಲ್ಲಿರುವಾಗಲೇ ಬ್ಯಾಟರಿಯನ್ನು ಮಾತ್ರ ಎಳೆದು ತೆಗೆದರೆ ಕೆಲವು ಕಂಟ್ರೋಲರ್‌ಗಳು ಅಲ್ಲೇ ಸುಟ್ಟುಹೋಗುತ್ತವೆ.

ಉಪಕರಣ ಹೆಚ್ಚೇನಿಲ್ಲ. ಒಂದು ಮಲ್ಟಿಮೀಟರ್, ಡಿಸಿ ಅಳೆಯುವ ಕ್ಲಾಂಪ್ ಮೀಟರ್, ಆಸಿಡ್ಡಿನ ಗಾಢತೆಯನ್ನು, ಅಂದರೆ ಗ್ರಾವಿಟಿಯನ್ನು, ಅಳೆಯುವ ಗಾಜಿನ ಹೈಡ್ರೋಮೀಟರ್. ಕ್ಲಾಂಪ್ ಮೀಟರ್ ಕೊಳ್ಳುವಾಗ ಅದರ ಮೇಲೆ ಡಿಸಿ ಕರೆಂಟ್ ಎಂದಿದೆಯೇ ನೋಡಿ. ಅಗ್ಗದವು ಬಹಳಷ್ಟು ಎಸಿ ಮಾತ್ರ ಅಳೆಯುತ್ತವೆ. ಮೂರರಲ್ಲಿ ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಹೈಡ್ರೋಮೀಟರ್ ಕೊಳ್ಳಿ. ವೋಲ್ಟೇಜ್ ಸುಳ್ಳು ಹೇಳುತ್ತದೆ, ಗ್ರಾವಿಟಿ ಅಷ್ಟು ಸುಲಭವಾಗಿ ಹೇಳುವುದಿಲ್ಲ.

ಅಂಕಿಗಳನ್ನು ಓದುವ ಬಗ್ಗೆ ಒಂದು ಎಚ್ಚರಿಕೆ

ಇಂಟರ್ನೆಟ್ಟಿನಲ್ಲಿ ಸಿಗುವ ಪಟ್ಟಿಗಳಲ್ಲಿ ‘12.7 ವೋಲ್ಟ್ ಅಂದರೆ ಫುಲ್’ ಎಂದಿರುತ್ತದೆ. ಅದು ಗ್ರಾವಿಟಿ 1.280 ಇರುವ ಕಾರಿನ ಬ್ಯಾಟರಿಯ ಲೆಕ್ಕ. ನಮ್ಮಲ್ಲಿ ಮಾರುವ ಸೋಲಾರ್ ಟ್ಯೂಬುಲರ್‌ಗಳು ಬಹುತೇಕ 27 ಡಿಗ್ರಿಯಲ್ಲಿ 1.240ಕ್ಕೆ ತುಂಬಿದವು, ಲೇಬಲ್ ಮೇಲೆ ಬರೆದಿರುತ್ತದೆ, ಅದೇ ಅಂತಿಮ. ಒಂದು ಸೆಲ್ಲಿನ (ಬ್ಯಾಟರಿಯೊಳಗಿನ ಒಂದು ಕೋಶದ) ವಿಶ್ರಾಂತಿ ವೋಲ್ಟೇಜ್ ಸುಮಾರಾಗಿ ಗ್ರಾವಿಟಿಗೆ 0.845 ಕೂಡಿಸಿದಷ್ಟು. ಆರು ಸೆಲ್ಲಿಗೆ ಗುಣಿಸಿದರೆ ಒಂದು 12 ವೋಲ್ಟ್ ಬ್ಯಾಟರಿಯ ಲೆಕ್ಕ (ಇದನ್ನು ಅರ್ಧ ಮಾಡಬೇಡಿ):

- ಗ್ರಾವಿಟಿ 1.240: ಸುಮಾರು 12.5 ವೋಲ್ಟ್, ತುಂಬಿದೆ
- ಗ್ರಾವಿಟಿ 1.190: ಸುಮಾರು 12.2 ವೋಲ್ಟ್, ಹತ್ತಿರ ಹತ್ತಿರ ಅರ್ಧ
- ಗ್ರಾವಿಟಿ 1.140: ಸುಮಾರು 11.9 ವೋಲ್ಟ್, ಬಹುತೇಕ ಖಾಲಿ

ಚಾರ್ಜೂ ಲೋಡೂ ಎರಡೂ ನಿಂತು ಮೂರ್ನಾಲ್ಕು ಗಂಟೆ ಆದಮೇಲೆ ಅಳೆದರೆ ಮಾತ್ರ ಈ ವೋಲ್ಟೇಜಿಗೆ ಬೆಲೆ. ಚಾರ್ಜಿಂಗ್ ನಡೆಯುವಾಗ ಕಾಣುವ 13.8 ಬ್ಯಾಟರಿಯ ಶಕ್ತಿಯಲ್ಲ, ಚಾರ್ಜರಿನ ಒತ್ತಡ. ಹೈಡ್ರೋಮೀಟರಿಗೂ ತಾಪದ ತಿದ್ದುಪಡಿ ಇದೆ. 27 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಹೆಚ್ಚಿಗೆ 0.007 ಕೂಡಿಸಿ, ಕಡಿಮೆಯಾದರೆ ಕಳೆಯಿರಿ. ನೀರು ಹಾಕಿದ ಕೂಡಲೇ ಗ್ರಾವಿಟಿ ನೋಡಬೇಡಿ. ಮೇಲೆ ತೆಳು ನೀರಷ್ಟೇ ಸಿಗುತ್ತದೆ. ಒಂದು ಪೂರ್ತಿ ಚಾರ್ಜ್ ಆಗಲಿ.

ಲಕ್ಷಣ 1: ಸಂಜೆ ದೀಪ ಹಾಕಿ ಎರಡು ಮೂರು ಗಂಟೆಗೇ ಇನ್ವರ್ಟರ್ ಕೂಗಿಕೊಳ್ಳುತ್ತದೆ

ಹೆಚ್ಚಿನ ಫೋನ್ ಕರೆಗಳು ಈ ದೂರಿನವೇ. ಕಾಸು ಖರ್ಚಿಲ್ಲದ್ದರಿಂದ ಶುರು ಮಾಡಿ.

*ಲೋಡ್ ಹೆಚ್ಚಾಗಿದೆಯೇ?* 24 ವೋಲ್ಟ್ 150 ಎಎಚ್ ಅಂದರೆ ಕಾಗದದ ಮೇಲೆ 3.6 ಯೂನಿಟ್. ಬ್ಯಾಟರಿ ಬಾಳಬೇಕಾದರೆ ದಿನಕ್ಕೆ ಅದರಲ್ಲಿ ಅರ್ಧ ಬಳಸಬಹುದು. ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು ಒಂದೂವರೆ ಯೂನಿಟ್. ಹೊಸದಾಗಿ ಒಂದು ಫ್ರಿಜ್ ಬಂದಿದ್ದರೆ ಅದೊಂದೇ ಅರ್ಧದಿಂದ ಒಂದು ಯೂನಿಟ್ ತಿನ್ನುತ್ತದೆ. ಇನ್ನು ಇನ್ವರ್ಟರ್ ಏನೂ ಮಾಡದೆ ಸುಮ್ಮನೆ ಆನ್ ಇದ್ದರೂ 20ರಿಂದ 50 ವ್ಯಾಟ್ ಎಳೆಯುತ್ತದೆ. 30 ವ್ಯಾಟ್ ಎಂದಿಟ್ಟುಕೊಂಡರೆ ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ 420 ವ್ಯಾಟ್ ಅವರ್, ನಿಮ್ಮ ಒಂದೂವರೆ ಯೂನಿಟ್ಟಿನ ಕಾಲು ಭಾಗಕ್ಕೂ ಹೆಚ್ಚು. ಮಲಗುವಾಗ ಇನ್ವರ್ಟರ್ ಆಫ್ ಮಾಡಿ, ರಾತ್ರಿ ದೀಪ ಎರಡನ್ನು ನೇರ ಡಿಸಿಯಲ್ಲಿ ಇಟ್ಟುಕೊಳ್ಳುವುದು ಎಷ್ಟೋ ಮನೆಗಳಲ್ಲಿ ಹೊಸ ಬ್ಯಾಟರಿಗಿಂತ ಹೆಚ್ಚು ಫಲ ಕೊಡುತ್ತದೆ. ಆ ಡಿಸಿ ದೀಪ 24 ವೋಲ್ಟಿನದ್ದೇ ಆಗಿರಲಿ. ಯಾಕೆಂಬುದು ಲಕ್ಷಣ 4ರಲ್ಲಿದೆ.

*ಪ್ಯಾನೆಲ್ ಕೊಡುತ್ತಿದೆಯೇ?* ಹತ್ತಿ ನೋಡಿ. ಮಳೆಗಾಲದ ನಂತರ ಗಾಜಿನ ಕೆಳ ಅಂಚಿನಲ್ಲಿ ಪಾಚಿ ಕಟ್ಟುತ್ತದೆ. ಬೇಸಿಗೆಯಲ್ಲಿ ಧೂಳು, ಹಕ್ಕಿಯ ಹಿಕ್ಕೆ. ಬೆಳಗ್ಗೆ ಗಾಜು ತಣ್ಣಗಿರುವಾಗ ನೀರು, ಮೆತ್ತನೆ ಬಟ್ಟೆಯಿಂದ ಒರೆಸಿ. ನೆತ್ತಿಯ ಬಿಸಿಲಿನಲ್ಲಿ ತಣ್ಣೀರು ಎರಚಬೇಡಿ. ನೆರಳನ್ನು ಒಂದೇ ಸಲ ನೋಡಿ ಬಿಡಬೇಡಿ. ಏಪ್ರಿಲ್‌ನಲ್ಲಿ ನೆತ್ತಿಯ ಮೇಲಿದ್ದ ಸೂರ್ಯ ಡಿಸೆಂಬರಿನ ನಡುಹಗಲಿಗೆ ದಕ್ಷಿಣಕ್ಕೆ 50 ಡಿಗ್ರಿ ಎತ್ತರದ ಆಸುಪಾಸಿಗೆ ಇಳಿಯುತ್ತಾನೆ. ದಕ್ಷಿಣದ ಅಂಚಿನಲ್ಲಿರುವ ಅಡಿಕೆ ಮರ ಬೇಸಿಗೆಯಲ್ಲಿ ಏನೂ ತೊಂದರೆ ಕೊಡದೆ ಚಳಿಗಾಲದಲ್ಲಿ ಪ್ಯಾನೆಲ್ ಮೇಲೆ ಸೋಗೆ ಆಡಿಸುತ್ತದೆ. ಒಂದು ಸೋಗೆಯ ನೆರಳು ಬಿದ್ದ ಜಾಗ ಚಿಕ್ಕದೇ ಇರಬಹುದು, ಕಡಿತ ಮಾತ್ರ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು.

*ನೀರಿನ ಮಟ್ಟ?* ನೀರಿನ ಮಟ್ಟ ತೋರಿಸುವ ಫ್ಲೋಟ್ ಕೆಂಪಿಗೆ ಇಳಿದಿದೆಯೇ ನೋಡಿ. ಪ್ಲೇಟಿನ ತಲೆ ಗಾಳಿಗೆ ತೆರೆದುಕೊಂಡರೆ ಆ ಭಾಗ ಸತ್ತಂತೆಯೇ.

*ಗ್ರಾವಿಟಿ?* ಮಧ್ಯಾಹ್ನ ಮೂರೂವರೆ–ನಾಲ್ಕರ ಸುಮಾರಿಗೆ, ದಿನದ ಚಾರ್ಜ್ ಮುಗಿಯುವ ಹೊತ್ತಿಗೆ, ಹನ್ನೆರಡೂ ಸೆಲ್ ಅಳೆದು ಒಂದು ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳಿ. ಸಾಮಾನ್ಯವಾಗಿ ಮೂರು ಬಗೆಯ ಚಿತ್ರ ಸಿಗುತ್ತದೆ. ಎಲ್ಲ ಸೆಲ್ 1.230ರ ಮೇಲಿದ್ದರೆ ಚಾರ್ಜಿಂಗ್ ಸರಿಯಿದೆ. ದೋಷ ಲೋಡಿನಲ್ಲಿ, ವೈರಿನಲ್ಲಿ ಅಥವಾ ನಿಜವಾಗಿಯೂ ಕುಗ್ಗಿದ ಪ್ಲೇಟಿನಲ್ಲಿ. ಎಲ್ಲವೂ ಒಟ್ಟಿಗೇ 1.180–1.200ರಲ್ಲಿ ನಿಂತಿದ್ದರೆ ಬ್ಯಾಂಕ್ ಹಸಿದಿದೆ, ಲಕ್ಷಣ 3ಕ್ಕೆ ಹೋಗಿ. ಹನ್ನೊಂದು ಚೆನ್ನಾಗಿದ್ದು ಒಂದೇ ಸೆಲ್ 0.030ಕ್ಕೂ ಹೆಚ್ಚು ಕೆಳಗಿದ್ದರೆ ಲಕ್ಷಣ 4ಕ್ಕೆ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಕೆಪಾಸಿಟಿ ಟೆಸ್ಟ್. ಬ್ಯಾಂಕ್ ಪೂರ್ತಿ ತುಂಬಿದ ಮೇಲೆ ಪ್ಯಾನೆಲ್ ಆಫ್ ಮಾಡಿ, ಕ್ಲಾಂಪ್ ಮೀಟರಿನಲ್ಲಿ 15 ಆಂಪಿಯರ್ ಕಾಣುವಂತೆ ಸುಮಾರು 300 ವ್ಯಾಟ್ ಲೋಡ್ ಹಾಕಿ. ಹಳೇ ಕಾಲದ 100 ವ್ಯಾಟಿನ ಬಲ್ಬ್ ಮೂರು ಸಿಕ್ಕರೆ ಅದಕ್ಕಿಂತ ಒಳ್ಳೆಯ ಲೋಡ್ ಇಲ್ಲ. ಬ್ಯಾಂಕ್ 21.6 ವೋಲ್ಟಿಗೆ ಬರುವ ತನಕ ಎಷ್ಟು ಗಂಟೆ ಎಂದು ನೋಡಿ. ಸಿ10 (ಹತ್ತು ಗಂಟೆಯಲ್ಲಿ ಖಾಲಿಯಾಗುವ ಲೆಕ್ಕದ) ರೇಟಿಂಗಿನ ಹೊಸ ಬ್ಯಾಟರಿ ಹತ್ತು ಗಂಟೆ ಕೊಡಬೇಕು. ಎಂಟಾದರೆ ಪರವಾಗಿಲ್ಲ, ಆರಕ್ಕಿಂತ ಕೆಳಗಾದರೆ ಬದಲಿಸುವ ಲೆಕ್ಕ ಹಾಕಿ. ಮಾರನೇ ದಿನ ಒಳ್ಳೆ ಬಿಸಿಲಿರುವಾಗ ಮಾತ್ರ ಈ ಪರೀಕ್ಷೆ ಮಾಡಿ. ಜೂನ್–ಜುಲೈನಲ್ಲಿ ಮಾಡಿದರೆ ಖಾಲಿ ಬ್ಯಾಟರಿಯನ್ನು ಖಾಲಿಯಾಗಿಯೇ ಕೊಳೆಹಾಕಿದಂತೆ.

ಅಂದಹಾಗೆ ಲೇಬಲ್ಲಿನಲ್ಲಿ ಸಿ10 ಎಂದಿದೆಯೋ ಸಿ20 ಎಂದಿದೆಯೋ ನೋಡಿ. ಮನೆ ಇನ್ವರ್ಟರಿಗೆಂದು ಮಾರುವ ‘150’ ಬಹಳಷ್ಟು ಸಲ ಸಿ20, ಅಂದರೆ ಇಪ್ಪತ್ತು ಗಂಟೆಯ, ಲೆಕ್ಕದ್ದು. ಹತ್ತು ಗಂಟೆಯ ಲೆಕ್ಕದಲ್ಲಿ ಅದು ಅಷ್ಟು ಕೊಡುವುದೇ ಇಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂಬ ಖುಷಿಯ ಗುಟ್ಟು ಎಷ್ಟೋ ಸಲ ಇಲ್ಲಿರುತ್ತದೆ.

ಲಕ್ಷಣ 2: ದೀಪ ಸರಿ ಉರಿಯುತ್ತದೆ, ಮಿಕ್ಸಿ ಹಾಕಿದರೆ ಟ್ರಿಪ್

ಚಿಕ್ಕ ಲೋಡಿಗೆ ತಡೆದು ದೊಡ್ಡ ಲೋಡಿಗೆ ಕುಸಿದರೆ ಮೊದಲ ಅನುಮಾನ ಬ್ಯಾಟರಿಯ ಮೇಲಲ್ಲ, ಬೋಲ್ಟಿನ ಮೇಲೆ. 750 ವ್ಯಾಟಿನ ಮಿಕ್ಸಿ ಓಡುವಾಗ 24 ವೋಲ್ಟ್ ಬದಿಯಲ್ಲಿ 35–40 ಆಂಪಿಯರ್ ಹರಿಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು.

ಲೋಡ್ ಐದು ನಿಮಿಷ ಓಡಿಸಿ ಆಫ್ ಮಾಡಿ, ವೈರಿನ ತುದಿಯ ತಾಮ್ರದ ಕೊಂಡಿಗಳ, ಅಂದರೆ ಲಗ್‌ಗಳ ಹತ್ತಿರ ಕೈಯ ಹಿಂಬದಿ ಒಯ್ದು ನೋಡಿ. ಯಾವುದು ಬೆಚ್ಚಗಿದೆಯೋ ಅದೇ ಕಳ್ಳ. ನಿಖರವಾಗಿ ಹುಡುಕಬೇಕಾದರೆ ಲೋಡ್ ಓಡುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದಕ್ಕೇ ಕೂತಿರುವ ಲಗ್ಗಿನ ತಾಮ್ರಕ್ಕೆ ಇಡಿ. ಒಳ್ಳೆಯ ಜೋಡಣೆಯಲ್ಲಿ ಕೆಲವೇ ಮಿಲಿವೋಲ್ಟ್ ಕಾಣುತ್ತದೆ. 50 ದಾಟಿದರೆ ಬಿಚ್ಚಿ ತಿಕ್ಕಿ ಬಿಗಿ ಮಾಡಿ. 200 ಮಿಲಿವೋಲ್ಟ್ ಇದ್ದರೆ 40 ಆಂಪಿಯರಿಗೆ 8 ವ್ಯಾಟ್ ಶಾಖ ಆ ಒಂದೇ ಬಿಂದುವಿನಲ್ಲಿ. ಸೀಸ ಕರಗುವ ಹಾದಿ ಅದು. ಎರಡು ಬ್ಯಾಟರಿಗಳ ನಡುವಿನ ಕೊಂಡಿ ವೈರು, ಫ್ಯೂಸಿನ ಎರಡೂ ತುದಿ, ಇನ್ವರ್ಟರಿನ ಟರ್ಮಿನಲ್ ಎಲ್ಲವನ್ನೂ ಹೀಗೇ ಅಳೆಯಿರಿ. ಬೋಲ್ಟನ್ನು ಶಕ್ತಿಯೆಲ್ಲ ಹಾಕಿ ತಿರುಗಿಸಬೇಡಿ. ಸೀಸದ ಕಂಬ ಬುಡದಲ್ಲಿ ತಿರುಗಿದರೆ ಬ್ಯಾಟರಿ ಮುಗಿಯಿತು.

ವೈರು ಸಣ್ಣದಿರುವುದೂ ಸಾಮಾನ್ಯ. 1 ಕೆವಿಎ ಇನ್ವರ್ಟರಿಗೆ 24 ವೋಲ್ಟ್ ಬ್ಯಾಂಕಿನಿಂದ 25 ಚದರ ಮಿಮೀ ತಾಮ್ರದ ಕೇಬಲ್, ಎರಡು ಮೀಟರಿನೊಳಗೆ. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಲಗ್ ಮೊದಲ ವರ್ಷ ಚೆನ್ನಾಗಿಯೇ ಇರುತ್ತದೆ, ಆಮೇಲೆ ಒಳಗೇ ಹಸಿರು ಹಿಡಿಯುತ್ತದೆ. ಕ್ರಿಂಪಿಂಗ್ ಉಪಕರಣ ಇರುವವರಿಂದ ಹೊಸ ಲಗ್ ಹಾಕಿಸಿ. ಬ್ಯಾಂಕಿನ ಪಾಸಿಟಿವ್ ಪಕ್ಕದಲ್ಲೇ 63ರಿಂದ 80 ಆಂಪಿಯರಿನ ಡಿಸಿ ಫ್ಯೂಸ್ ಇರಬೇಕು. ಎಸಿ ಎಂಸಿಬಿಯನ್ನು ಅಲ್ಲಿ ಹಾಕಿದ್ದರೆ ಇಂದೇ ತೆಗೆಸಿ: ಡಿಸಿ ಕಿಡಿ ತಾನಾಗಿ ಆರುವುದಿಲ್ಲ, ಸ್ವಿಚ್ಚಿನೊಳಗೇ ಉರಿಯುತ್ತದೆ.

ಎಲ್ಲ ಜೋಡಣೆ ಸರಿಯಿದ್ದೂ ಲೋಡ್ ಹಾಕಿದ ಕೂಡಲೇ ಒಂದು ಬ್ಯಾಟರಿ 12ರಲ್ಲೇ ನಿಂತು ಇನ್ನೊಂದು 10ಕ್ಕೆ ಜಾರಿದರೆ ಆ ಜಾರಿದ್ದರಲ್ಲಿ ಸೆಲ್ ದೋಷ ಇದೆ.

ಟರ್ಮಿನಲ್ ಮೇಲೆ ಕಟ್ಟಿದ ಬಿಳಿ–ಹಸಿರು ಹುಡಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಬಿಸಿನೀರಿಗೆ ಸೋಡಾ ಕದಡಿ ಬ್ರಷ್ಷಿನಿಂದ ತೊಳೆಯಿರಿ, ಹನಿಯೂ ಸೆಲ್ಲಿನೊಳಗೆ ಬೀಳದಂತೆ ಮುಚ್ಚಳ ಭದ್ರವಿರಲಿ. ಒಣಗಿಸಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ. ಜೆಲ್ಲಿ ಹಚ್ಚಿ ಬಿಗಿ ಮಾಡುವುದಲ್ಲ.

ಲಕ್ಷಣ 3: ಕಂಟ್ರೋಲರ್ ‘ಫುಲ್’ ಅನ್ನುತ್ತದೆ, ಗ್ರಾವಿಟಿ ಏರುವುದೇ ಇಲ್ಲ

ಬೆಳಗ್ಗೆ ಹತ್ತಕ್ಕೇ ಹಸಿರು ದೀಪ, ಸಂಜೆ ಏಳಕ್ಕೆ ಕೆಂಪು. ಇದಕ್ಕೆ ಎರಡು ಕಾರಣ, ಎರಡೂ ಒಟ್ಟಿಗಿರುವುದೇ ಹೆಚ್ಚು.

ಒಂದು ಸಲ್ಫೇಶನ್. ಅರೆಬರೆ ಚಾರ್ಜಿನಲ್ಲಿ ವಾರಗಟ್ಟಲೆ ಬಿಟ್ಟ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ದಪ್ಪ ಹರಳಾಗಿ ಗಟ್ಟಿಯಾಗುತ್ತದೆ. ಅದು ಸುಲಭವಾಗಿ ಕರಗುವುದಿಲ್ಲ, ಕರೆಂಟಿಗೂ ಅಡ್ಡ. ಹಾಗಾಗಿ ಚಾರ್ಜ್ ಹಾಕಿದ ಕೂಡಲೇ ವೋಲ್ಟೇಜ್ ಜಿಗಿದು 28.8 ಮುಟ್ಟುತ್ತದೆ, ಕಂಟ್ರೋಲರ್ ತುಂಬಿತೆಂದು ತಿಳಿದು ಕೈ ಹಿಂದೆಗೆಯುತ್ತದೆ. ಇನ್ನೊಂದು, ಆಸಿಡ್ ಪದರಗಟ್ಟುವುದು. ಗ್ಯಾಸ್ ಗುಳ್ಳೆ ಏಳುವಷ್ಟು ಚಾರ್ಜ್ ಆಗದಿದ್ದರೆ ಭಾರದ ಆಸಿಡ್ ತಳಕ್ಕೆ ಕೂರುತ್ತದೆ. ಟಾಲ್ ಟ್ಯೂಬುಲರಿನಲ್ಲಿ ಎತ್ತರ ಹೆಚ್ಚಿರುವುದರಿಂದ ಇದು ಇನ್ನೂ ಜಾಸ್ತಿ. ಮೇಲಿಂದ ಎಳೆದ ಗ್ರಾವಿಟಿ ಕಡಿಮೆ ಬರುತ್ತದೆ, ವೋಲ್ಟೇಜ್ ಮಾತ್ರ ಚೆನ್ನಾಗಿರುತ್ತದೆ.

ಮೊದಲು ಕಂಟ್ರೋಲರಿನ ಸೆಟ್ಟಿಂಗ್ ತೆರೆದು ನೋಡಿ, ಬ್ಯಾಟರಿ ಬಗೆ ‘ಜೆಲ್’ ಅಥವಾ ‘ಸೀಲ್ಡ್’ ಎಂದಿದೆಯೇ? ಹಾಗಿದ್ದರೆ ನೀರು ಹಾಕುವ ಬಗೆಯಾದ ಫ್ಲಡೆಡ್‌ಗೆ ಬದಲಿಸಿ. ಅಬ್ಸಾರ್ಬ್ಷನ್ (ಪೂರ್ತಿ ತುಂಬಿಸುವ ವೋಲ್ಟೇಜ್) 28.8ರ ಸುತ್ತ, ಫ್ಲೋಟ್ (ತುಂಬಿದ ಮೇಲೆ ಹಾಗೇ ಹಿಡಿದಿಡುವ ವೋಲ್ಟೇಜ್) 27ರಿಂದ 27.6. ಅಬ್ಸಾರ್ಬ್ಷನ್ ಸಮಯ ಎರಡು ಗಂಟೆಗಿಂತ ಕಡಿಮೆ ಇದ್ದರೆ ಹೆಚ್ಚಿಸಿ.

ಇನ್ನೊಂದು ಮೋಸ ಹೊಂದಾಣಿಕೆಯದ್ದು. ಪ್ಯಾನೆಲ್ಲಿನ ವೋಲ್ಟೇಜನ್ನು ಬದಲಿಸಲಾಗದ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರಿಗೆ 60 ಸೆಲ್ಲಿನ ಪ್ಯಾನೆಲ್ ಸೇರಿಸಿ 24 ವೋಲ್ಟ್ ಬ್ಯಾಂಕ್ ತುಂಬಿಸಲು ಹೊರಟವರಿದ್ದಾರೆ. ಲೇಬಲ್ಲಿನ ಮೇಲೆ ಕೆಲಸದ ವೋಲ್ಟೇಜ್ 31 ಎಂದಿರುತ್ತದೆ, ಬಿಸಿಲಿಗೆ ಕಾದ ಪ್ಯಾನೆಲ್ಲಿನಲ್ಲಿ ಅದು 27ರ ಆಸುಪಾಸಿಗೆ ಇಳಿಯುತ್ತದೆ. 28.8ಕ್ಕೆ ತಳ್ಳುವ ಬಲವೇ ಇಲ್ಲ. ಇದಕ್ಕೆ ಮದ್ದು ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ಹೊಂದಿಸುವ ಎಂಪಿಪಿಟಿ ಕಂಟ್ರೋಲರ್ ಮತ್ತು ಸೀರೀಸಿನ ಪ್ಯಾನೆಲ್, ಬ್ಯಾಟರಿಯಲ್ಲ. ಹೊಸ 540 ವ್ಯಾಟಿನ ಪ್ಯಾನೆಲ್ ತರುವವರು ಅದರ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಲೋಡಿಲ್ಲದಾಗಿನ ವೋಲ್ಟೇಜ್) 50ರ ಹತ್ತಿರವಿದೆ ಎಂಬುದನ್ನು ಹಳೇ ಕಂಟ್ರೋಲರಿನ ಮಿತಿಯ ಜೊತೆ ಹೋಲಿಸಿಯೇ ಜೋಡಿಸಬೇಕು.

ಸೆಟ್ಟಿಂಗ್ ಸರಿಪಡಿಸಿ ನಾಲ್ಕೈದು ಬಿಸಿಲಿನ ದಿನ ಕಾದರೂ ಗ್ರಾವಿಟಿ 1.220 ದಾಟದಿದ್ದರೆ ಈಕ್ವಲೈಸ್ ಮಾಡಿ, ಅಂದರೆ ಹೆಚ್ಚಿನ ವೋಲ್ಟೇಜಿನಲ್ಲಿ ಬೇಕೆಂದೇ ಹೆಚ್ಚು ಚಾರ್ಜ್ ಕೊಟ್ಟು ಎಲ್ಲ ಸೆಲ್ ಸಮ ಮಾಡಿ. ಇದು ಫ್ಲಡೆಡ್ ಬ್ಯಾಟರಿಗೆ ಮಾತ್ರ; ಜೆಲ್, ಎಜಿಎಂ (ಇವೆರಡೂ ಸೀಲ್ಡ್ ಬಗೆ), ಲಿಥಿಯಂಗಳಿಗೆ ಎಂದಿಗೂ ಬೇಡ.

1. ಹಿಂದಿನ ದಿನವೇ ಬ್ಯಾಂಕ್ ಎಷ್ಟು ತುಂಬುತ್ತದೋ ಅಷ್ಟು ತುಂಬಿರಲಿ. ನೀರಿನ ಮಟ್ಟ ಪ್ಲೇಟಿಗಿಂತ ಮೇಲಿರಲಿ, ಕಂಠಮಟ್ಟ ಬೇಡ.
2. ಡಿಸಿ ದೀಪ, ಫ್ಯಾನ್, ಇನ್ವರ್ಟರ್ ಎಲ್ಲ ಆಫ್. 30–31 ವೋಲ್ಟ್ ಅವುಗಳಿಗೆ ಒಳ್ಳೆಯದಲ್ಲ.
3. ಬೆಳಗ್ಗೆ ಒಂಬತ್ತಕ್ಕೆ ಈಕ್ವಲೈಸ್ ಆನ್, 30ರಿಂದ 31 ವೋಲ್ಟ್, ಕರೆಂಟ್ 5ರಿಂದ 8 ಆಂಪಿಯರ್.
4. ಗಂಟೆಗೊಮ್ಮೆ ಗ್ರಾವಿಟಿ, ತಾಪ ಬರೆದಿಡಿ. 45 ಡಿಗ್ರಿ ದಾಟಿದರೆ ನಿಲ್ಲಿಸಿ ತಣಿಯಲು ಬಿಡಿ.
5. ಸತತ ಮೂರು ಅಳತೆಯಲ್ಲಿ ಗ್ರಾವಿಟಿ ಏರದಿದ್ದರೆ ಮುಗಿಯಿತು, ಅಲ್ಲಿಗೇ ನಿಲ್ಲಿಸಿ.
6. ಆರಿದ ಮೇಲೆ ಡಿಸ್ಟಿಲ್ಡ್ ವಾಟರ್.

ಗಟ್ಟಿಯಾದ ಸಲ್ಫೇಟಿಗೆ ಇದನ್ನು ಎರಡು ಮೂರು ವಾರ ವಾರಕ್ಕೊಮ್ಮೆ ಮಾಡಬೇಕಾಗಬಹುದು. ಮೂರನೆಯ ಸಲವೂ ಅಂಕಿ ಅಲ್ಲಾಡದಿದ್ದರೆ ಬಿಟ್ಟುಬಿಡಿ. ಗ್ರಾವಿಟಿ ಕಡಿಮೆಯಿದೆಯೆಂದು ಆಸಿಡ್ ಸುರಿಯುವವರಿದ್ದಾರೆ. ಅಂಕಿ ಏರುತ್ತದೆ ನಿಜ, ಮೀಟರಿನಲ್ಲಿ ಮಾತ್ರ. ಕಳೆದುಹೋದ ಆಸಿಡ್ ಸಲ್ಫೇಟಾಗಿ ಪ್ಲೇಟಿನಲ್ಲೇ ಕೂತಿದೆ. ಮೇಲಿಂದ ಹಾಕಿದ್ದು ಪ್ಲೇಟನ್ನು ತಿನ್ನುತ್ತದೆ. ಬ್ಯಾಟರಿ ಮಗುಚಿ ಆಸಿಡ್ ಚೆಲ್ಲಿದ್ದಾಗಷ್ಟೇ ಆಸಿಡ್ ತುಂಬುವ ಮಾತು, ಅದೂ ಸರ್ವಿಸ್ ಸೆಂಟರಿನಲ್ಲಿ.

ಲಕ್ಷಣ 4: ನೀರು ಬೇಗ ಖಾಲಿಯಾಗುತ್ತಿದೆ

ಎಲ್ಲ ಸೆಲ್‌ಗಳೂ ಸಮನಾಗಿ ಕುಡಿಯುತ್ತಿದ್ದರೆ ಓವರ್‌ಚಾರ್ಜ್. ಕಂಟ್ರೋಲರ್ ಸೆಟ್ಟಿಂಗ್ ನೋಡಿ. ತಾಪದ ಸೆನ್ಸರ್ ಇದ್ದರೆ ಅದು ಬ್ಯಾಟರಿಯ ಮೈಗೆ ಅಂಟಿದೆಯೇ ಅಥವಾ ಎಲ್ಲೋ ನೇತಾಡುತ್ತಿದೆಯೇ ನೋಡಿ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗಿನ ಬ್ಯಾಟರಿಗೆ 28.8 ಹೆಚ್ಚೇ ಆಗುತ್ತದೆ. 25 ಡಿಗ್ರಿಯಿಂದ ಮೇಲೆ ಪ್ರತಿ ಡಿಗ್ರಿಗೆ 24 ವೋಲ್ಟ್ ಬ್ಯಾಂಕಿನಲ್ಲಿ ಸುಮಾರು 0.04ರಿಂದ 0.06 ವೋಲ್ಟ್ ಇಳಿಸಬೇಕು. ಬ್ಯಾಟರಿಯ ತಾಪ ಸದಾ 10 ಡಿಗ್ರಿ ಹೆಚ್ಚಿದ್ದರೆ ಆಯುಸ್ಸು ಹತ್ತಿರ ಹತ್ತಿರ ಅರ್ಧವಾಗುತ್ತದೆ. ನೆರಳು, ಗಾಳಿ ಎರಡಕ್ಕೂ ಖರ್ಚು ಕಡಿಮೆ.

ಒಂದು ಬ್ಯಾಟರಿ ಮಾತ್ರ ಕುಡಿಯುತ್ತಿದ್ದರೆ ತಪ್ಪು ಅದರದ್ದಲ್ಲ, ಪಕ್ಕದ್ದರದು. ಲೆಕ್ಕ ನೋಡಿ. 28.8 ವೋಲ್ಟನ್ನು ಹನ್ನೆರಡು ಸೆಲ್ ಹಂಚಿಕೊಂಡರೆ ತಲಾ 2.40. ಒಂದು ಸೆಲ್ ಒಳಗೇ ಶಾರ್ಟ್ ಆಗಿದ್ದರೆ ಹನ್ನೊಂದಕ್ಕೆ ಹಂಚಿ ತಲಾ 2.62. ಒಳ್ಳೆಯ ಸೆಲ್‌ಗಳು ಪ್ರತಿದಿನ ಕುದಿಯುತ್ತವೆ. ಚಾರ್ಜಿನ ಕೊನೆಯಲ್ಲಿ ಎರಡೂ ಬ್ಯಾಟರಿಗಳನ್ನು ಬೇರೆಬೇರೆ ಅಳೆಯಿರಿ. 14.4–14.4 ಬರಬೇಕಾದ್ದು 15.6–13.2 ಬಂದರೆ 13.2ರ ಬ್ಯಾಟರಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಉಳಿದವುಗಳಲ್ಲಿ ಗುಳ್ಳೆ ಏಳುತ್ತಿದ್ದು ಒಂದರಲ್ಲಿ ಮಾತ್ರ ನೀರು ನಿಶ್ಚಲವಿದ್ದರೆ ಸತ್ತ ಸೆಲ್ ಅದೇ. ಈಕ್ವಲೈಸ್ ನಂತರವೂ ಅದರ ಗ್ರಾವಿಟಿ ಉಳಿದವಕ್ಕಿಂತ 0.050 ಕೆಳಗೇ ಇದ್ದರೆ ಮನೆಯಲ್ಲಿ ಮಾಡುವುದು ಇನ್ನೇನೂ ಇಲ್ಲ. ವಾರಂಟಿ ಕಾರ್ಡ್ ಹುಡುಕಿ, ಬರೆದಿಟ್ಟ ಅಂಕಿಗಳ ಜೊತೆ ಅಂಗಡಿಗೆ ಹೋಗಿ. ಅಂಕಿ ತೋರಿಸಿದ ಗಿರಾಕಿಯನ್ನು ‘ನಾಳೆ ಬನ್ನಿ’ ಎಂದು ಸಾಗಹಾಕುವುದು ಕಷ್ಟ.

ಸೆಲ್ ಎಲ್ಲ ಸರಿಯಿದ್ದೂ ಎರಡು ಬ್ಯಾಟರಿಗಳ ನಡುವೆ ಅರ್ಧ ವೋಲ್ಟ್ ವ್ಯತ್ಯಾಸ ಇದ್ದರೆ ಕದ್ದು ಎಳೆದ ವೈರು ಹುಡುಕಿ. ಕಾಡುಹಂದಿ ತಡೆಯಲು ಹಾಕಿದ ಬೇಲಿಯ ಝಟ್ಕಾ ಮಷಿನ್ನಿಗೋ 12 ವೋಲ್ಟ್ ಎಲ್‌ಇಡಿಗೋ ಬ್ಯಾಂಕಿನ ಒಂದೇ ಬ್ಯಾಟರಿಯಿಂದ ಕನೆಕ್ಷನ್ ಎಳೆದಿರುತ್ತಾರೆ. ಒಂದು ದಿನಾ ಹಸಿಯುತ್ತದೆ, ಇನ್ನೊಂದು ದಿನಾ ಕುದಿಯುತ್ತದೆ, ವರ್ಷದೊಳಗೆ ಎರಡೂ ಹಾಳು. 24ರಿಂದ 12 ಮಾಡುವ ಕನ್ವರ್ಟರ್ ಕೆಲವೇ ನೂರು ರೂಪಾಯಿ. ಅದನ್ನು ಹಾಕಿ, ಅಥವಾ ಝಟ್ಕಾಕ್ಕೆ ಅದರದ್ದೇ ಬ್ಯಾಟರಿ ಕೊಡಿ.

ಹಾಕುವ ನೀರು ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ಮಾತ್ರ. ಆರ್‌ಒ ನೀರು ಕುಡಿಯಲು ಶುದ್ಧ, ಬ್ಯಾಟರಿಗಲ್ಲ. ಕೆಂಪುಮಣ್ಣಿನ ಬಾವಿನೀರಿನ ಕಬ್ಬಿಣ ಬ್ಯಾಟರಿಯನ್ನು ಸುಮ್ಮನಿದ್ದಲ್ಲೇ ಖಾಲಿ ಮಾಡುತ್ತದೆ, ಕ್ಲೋರೈಡ್ ಪ್ಲೇಟಿನ ಚೌಕಟ್ಟನ್ನು ಕೊರೆಯುತ್ತದೆ. ಚಾರ್ಜ್ ಮುಗಿದ ಮೇಲೆ ತುಂಬಿ. ಖಾಲಿ ಬ್ಯಾಟರಿಗೆ ಮೊದಲೇ ತುಂಬಿದರೆ ಚಾರ್ಜಿನಲ್ಲಿ ಉಬ್ಬಿ ಆಸಿಡ್ ಸಮೇತ ಹೊರಚೆಲ್ಲುತ್ತದೆ. ಪ್ಲೇಟ್ ಕಾಣುತ್ತಿದ್ದರೆ ಮಾತ್ರ ಮೊದಲು ಅದು ಮುಳುಗುವಷ್ಟು.

ಲಕ್ಷಣ 5: ಬಿಸಿ, ಉಬ್ಬು, ಕೊಳೆತ ಮೊಟ್ಟೆಯ ವಾಸನೆ

ಇಲ್ಲಿ ಪರೀಕ್ಷೆ ಬೇಡ. ಪ್ಯಾನೆಲ್ ಐಸೊಲೇಟರ್ ಆಫ್, ಲೋಡ್ ಆಫ್, ಕಿಟಕಿ ಬಾಗಿಲು ತೆರೆದು ಹೊರಬನ್ನಿ. ವಾಸನೆ ಹೈಡ್ರೋಜನ್ ಸಲ್ಫೈಡಿನದು. ಮೂಗು ಅದಕ್ಕೆ ಬೇಗ ಒಗ್ಗಿಕೊಳ್ಳುವುದರಿಂದ ‘ಈಗ ವಾಸನೆ ಇಲ್ಲ’ ಎಂಬುದು ಸುರಕ್ಷಿತ ಎಂಬುದರ ಗುರುತಲ್ಲ. ಬಿಸಿಯಾಗಿರುವಾಗ ಟರ್ಮಿನಲ್ ಬಿಚ್ಚಬೇಡಿ, ಕಿಡಿ ಹಾರುತ್ತದೆ. ಅದೇ ಕೋಣೆಯ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚನ್ನೂ ಮುಟ್ಟಬೇಡಿ. ಹಲವು ಗಂಟೆ ತಣಿದ ಮೇಲೆ ತಿಳಿದವರನ್ನು ಕರೆಸಿ. ಉಬ್ಬಿದ, ಬಿರುಕುಬಿಟ್ಟ ಡಬ್ಬ ಮತ್ತೆ ಬಳಕೆಗಿಲ್ಲ. ಬಿರುಕಿಗೆ ಎಂಸೀಲ್ ಹಚ್ಚುವ ಯೋಚನೆ ಬಿಡಿ.

ಲಕ್ಷಣ 6: ಬಿಸಿಲಿದೆ, ಚಾರ್ಜಿಂಗ್ ಸೊನ್ನೆ

ಐಸೊಲೇಟರ್ ಆನ್ ಇದೆಯೇ, ಫ್ಯೂಸ್ ಇದೆಯೇ, ವೈರನ್ನು ಇಲಿ ಕಡಿದಿದೆಯೇ? ನಂತರ ಕಂಟ್ರೋಲರಿನ ಪ್ಯಾನೆಲ್ ಟರ್ಮಿನಲ್ಲಿನಲ್ಲಿ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಇದ್ದು ಕರೆಂಟಿಲ್ಲವಾದರೆ ಬ್ಯಾಟರಿ ಆಗಲೇ ತುಂಬಿದೆ, ಇಲ್ಲವೇ ಕಂಟ್ರೋಲರ್ ಹೋಗಿದೆ, ಇಲ್ಲವೇ ಪ್ಯಾನೆಲ್ ವೈರುಗಳನ್ನು ಸೇರಿಸುವ ಎಂಸಿ4 ಕನೆಕ್ಟರ್ ಸುಟ್ಟು ತೆಳುವಾಗಿ ಮಾತ್ರ ಹಿಡಿದಿದೆ. ವೋಲ್ಟೇಜೇ ಇಲ್ಲವಾದರೆ ಮಾಡಿನ ಮೇಲೆ. ಎಂಸಿ4 ಅನ್ನು ಬಿಸಿಲಲ್ಲಿ ಕರೆಂಟ್ ಹರಿಯುವಾಗ ಎಳೆಯಬೇಡಿ. ಮೊದಲು ಕೆಳಗೆ ಐಸೊಲೇಟರ್. ಏಪ್ರಿಲ್–ಮೇ ಗುಡುಗಿನ ಮಳೆಯ ಮಾರನೆ ದಿನ ಈ ಲಕ್ಷಣ ಕಂಡರೆ ಸಿಡಿಲಿನ ಸರ್ಜ್ ಎಂದೇ ಹಿಡಿಯಿರಿ. ಎಸ್‌ಪಿಡಿಯ (ಸರ್ಜ್ ತಡೆಯುವ ಸಾಧನದ) ಕಿಟಕಿ ಕೆಂಪಾಗಿದೆಯೇ ನೋಡಿ. ಎಸ್‌ಪಿಡಿಯೂ ಅರ್ಥಿಂಗೂ ಇಲ್ಲದ ಮನೆಯಾದರೆ ಹೊಸ ಕಂಟ್ರೋಲರಿಗೂ ಮೊದಲು ಅವುಗಳನ್ನು ಹಾಕಿಸಿ.

ಲಕ್ಷಣ 7: ಪ್ರತಿ ಮಳೆಗಾಲದ ನಂತರ ಬ್ಯಾಕಪ್ ಇಳಿಯುತ್ತ ಹೋಗುತ್ತಿದೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲೆ 670 ವ್ಯಾಟ್ ಪ್ಯಾನೆಲ್ಲಿನಿಂದ ದಿನಕ್ಕೆ ಒಂದು ಯೂನಿಟ್ಟೂ ಸಿಗದ ದಿನಗಳು ಸಾಮಾನ್ಯ. ಬಳಕೆ ಮಾತ್ರ ಅಷ್ಟೇ. ಬ್ಯಾಂಕ್ ನಾಲ್ಕು ತಿಂಗಳು ಅರ್ಧಕ್ಕಿಂತ ಕೆಳಗೆ ಬಿದ್ದಿರುತ್ತದೆ, ಸಲ್ಫೇಟ್ ಗಟ್ಟಿಯಾಗುವುದು ಆಗಲೇ. ಇಲ್ಲಿ ದುರಸ್ತಿಗಿಂತ ಲೆಕ್ಕಾಚಾರ ಮುಖ್ಯ. ಹದಿನೈದು ದಿನಕ್ಕೊಮ್ಮೆಯಾದರೂ ಬೇರೆ ಮೂಲದಿಂದ ಪೂರ್ತಿ ತುಂಬಿಸಿ. 15 ಆಂಪಿಯರಿನ ಚಾರ್ಜರಿಗೆ 500–600 ವ್ಯಾಟ್ ಸಾಕು, ಚಿಕ್ಕ ಜನರೇಟರ್ ಸಾಲುತ್ತದೆ. ಬೆಳಗ್ಗೆ ಜನರೇಟರಿನಲ್ಲಿ ಮುಕ್ಕಾಲು ಪಾಲು ತುಂಬಿಸಿ, ನಿಧಾನವಾದ ಕೊನೆಯ ಭಾಗವನ್ನು ಪ್ಯಾನೆಲ್ಲಿಗೆ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ. ಮನೆ ಹಿಂದೆ ಮಳೆಗಾಲದ ಹಳ್ಳ ಇಳಿಯುತ್ತಿದ್ದರೆ ಪಿಕೊ ಹೈಡ್ರೊ (ಪುಟ್ಟ ಜಲವಿದ್ಯುತ್) ಟರ್ಬೈನ್ ಇದಕ್ಕಿಂತ ಒಳ್ಳೆಯ ಜೊತೆ. ಬಿಸಿಲು ಇಲ್ಲದ ದಿನಗಳಲ್ಲೇ ಅದಕ್ಕೆ ನೀರು. ಇಲ್ಲದಿದ್ದರೆ ಮಳೆಗಾಲದಲ್ಲಿ ಫ್ರಿಜ್ ಬಂದ್ ಮಾಡಿ. ಅಕ್ಟೋಬರಿನ ಮೊದಲ ಒಳ್ಳೆ ಬಿಸಿಲಿಗೆ ಈಕ್ವಲೈಸ್.

ಬ್ಯಾಕಪ್ ಸಾಲದೆಂದು ಪ್ಯಾನೆಲ್ ಹೆಚ್ಚಿಸದೆ ಬ್ಯಾಟರಿ ಮಾತ್ರ ಹೆಚ್ಚಿಸುವುದು ಈ ಹಸಿವನ್ನು ನಾಲ್ಕು ಬ್ಯಾಟರಿಗೆ ಹಂಚಿದಂತೆ.

ಲಕ್ಷಣ 8: ಲಿಥಿಯಂ ಬ್ಯಾಂಕ್ ಇದ್ದಕ್ಕಿದ್ದಂತೆ ಸೊನ್ನೆ

ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಖಾಲಿಯಾಗುವಾಗ ವೋಲ್ಟೇಜ್ ನಿಧಾನವಾಗಿ ಕುಗ್ಗುವುದಿಲ್ಲ. ಒಳಗಿನ ರಕ್ಷಣಾ ಸರ್ಕ್ಯೂಟ್, ಅಂದರೆ ಬಿಎಂಎಸ್, ಬಾಗಿಲು ಹಾಕಿಕೊಂಡರೆ ಟರ್ಮಿನಲ್ಲಿನಲ್ಲಿ ಸೊನ್ನೆ ಅಥವಾ ಎರಡು ಮೂರು ವೋಲ್ಟ್ ಮಾತ್ರ. ಸತ್ತಿದೆ ಎಂದುಕೊಳ್ಳಬೇಡಿ. ಸಾಮಾನ್ಯ ಕಾರಣ ಹಳೇ ಲೆಡ್ ಆಸಿಡ್ ಸೆಟ್ಟಿಂಗ್. ಇನ್ವರ್ಟರ್ 21 ವೋಲ್ಟ್ ತನಕ ಎಳೆದರೆ ಎಂಟು ಸೆಲ್ಲಿನ 25.6 ವೋಲ್ಟ್ ಬ್ಯಾಂಕಿನಲ್ಲಿ ತಲಾ 2.6 ಮಾತ್ರ ಉಳಿಯುತ್ತದೆ, ಬಿಎಂಎಸ್ 2.5ರ ಹತ್ತಿರ ಕಡಿಯುತ್ತದೆ. ಮೇಲಿನ ಬದಿಯಲ್ಲಿ ಈಕ್ವಲೈಸಿನ 30 ವೋಲ್ಟ್ ಬಂದರೂ ಕಡಿಯುತ್ತದೆ. ಚಾರ್ಜ್ 28.0–28.4, ಫ್ಲೋಟ್ 27, ಈಕ್ವಲೈಸ್ ಬಂದ್, ತಾಪದ ತಿದ್ದುಪಡಿ ಬಂದ್, ಕಟ್‌ಆಫ್ 24ಕ್ಕೆ ಏರಿಸಿ. ಎಲ್ಲ ಲೋಡ್ ತೆಗೆದು ಲಿಥಿಯಂಗೆ ಹೊಂದುವ ಚಾರ್ಜರ್ ಹಾಕಿದರೆ ಬಹುತೇಕ ಎಚ್ಚರವಾಗುತ್ತದೆ. ಬ್ಯಾಟರಿಯ ವೋಲ್ಟೇಜ್ ಕಾಣದೆ ಕೆಲವು ಸೋಲಾರ್ ಕಂಟ್ರೋಲರ್‌ಗಳು ತಾವೇ ಶುರುವಾಗುವುದಿಲ್ಲ ಎಂಬುದು ನೆನಪಿರಲಿ.

ಎಷ್ಟು ಉಳಿದಿದೆ ಎಂದು ಇದರ ವೋಲ್ಟೇಜಿನಿಂದ ಹೇಳಲಾಗದು. ಶೇಕಡಾ 30ರಿಂದ 90ರ ತನಕ ಅದು ಸುಮಾರು 26–26.8ರೊಳಗೇ ಇರುತ್ತದೆ. ಬಿಎಂಎಸ್ ಪದೇಪದೇ ಕಡಿಯುತ್ತಿದ್ದರೆ ಅದನ್ನು ಬೈಪಾಸ್ ಮಾಡಿ ಓಡಿಸುವ ‘ಜುಗಾಡ್’ ಬೇಡ, ಡಬ್ಬ ತೆರೆಯುವುದೂ ಬೇಡ. ಉಬ್ಬಿದ್ದರೆ, ಹೊಗೆ ಬಂದರೆ ಉಸಿರು ಬಿಗಿಹಿಡಿದು ನಂದಿಸಲು ಹೋಗಬೇಡಿ. ಜನರನ್ನು ದೂರ ಕಳಿಸಿ 112ಕ್ಕೆ ಕರೆ ಮಾಡಿ.

ಬದಲಿಸುವುದೇ ಆದರೆ

ಜೋಡಿ ಕೊಂಡು ಒಂದು ವರ್ಷದೊಳಗಾದರೆ ಸತ್ತದ್ದನ್ನು ಮಾತ್ರ ಅದೇ ಮಾಡೆಲ್ಲಿನದ್ದಕ್ಕೆ ಬದಲಿಸಬಹುದು, ಎರಡನ್ನೂ ಬೇರೆಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿದ ಮೇಲೆ. ಮೂರು ವರ್ಷ ಕಳೆದ ಜೋಡಿಗೆ ಒಂದು ಹೊಸದು ಸೇರಿಸಿದರೆ ಹೊಸದು ಹಳೆಯದರ ಮಟ್ಟಕ್ಕೆ ಬೇಗ ಇಳಿಯುತ್ತದೆ. ಎರಡು ಸಾಲು ಪ್ಯಾರಲಲ್ ಇದ್ದರೆ ಪಾಸಿಟಿವ್ ಒಂದು ಸಾಲಿನಿಂದ, ನೆಗೆಟಿವ್ ಇನ್ನೊಂದು ಸಾಲಿನ ಕೊನೆಯಿಂದ ಕರ್ಣಕ್ಕೆ ತೆಗೆಯಿರಿ. ಒಂದೇ ಬದಿಯಿಂದ ತೆಗೆದರೆ ಹತ್ತಿರದ ಸಾಲು ದುಡಿದು ದೂರದ್ದು ಮಲಗುತ್ತದೆ.

ಹೊಸ ಬ್ಯಾಟರಿ ಬಂದ ದಿನವೇ ತಯಾರಿಕೆಯ ತಿಂಗಳು ನೋಡಿ. ಅಂಗಡಿಯಲ್ಲಿ ಆರು ತಿಂಗಳು ಕೂತದ್ದು ಬೇಡ. ಮೊದಲ ಪೂರ್ತಿ ಚಾರ್ಜಿನ ನಂತರ ಹನ್ನೆರಡೂ ಸೆಲ್ಲಿನ ಗ್ರಾವಿಟಿಯನ್ನು ದಿನಾಂಕದೊಂದಿಗೆ ಬರೆದು ಬ್ಯಾಟರಿ ಕೋಣೆಯ ಗೋಡೆಗೆ ಅಂಟಿಸಿ, ಮೂರು ತಿಂಗಳಿಗೊಮ್ಮೆ ಅದರ ಪಕ್ಕ ಹೊಸ ಸಾಲು. ಹಳೆಯದನ್ನು ಡೀಲರಿಗೇ ಕೊಟ್ಟು ರಶೀದಿ ಪಡೆಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ತೂಕಕ್ಕೆ ಎರಡು ಕಾಸು ಹೆಚ್ಚು ಕೊಡುವ ಗುಜರಿಯವನು ಸೀಸ ಇಟ್ಟುಕೊಂಡು ಆಸಿಡ್ಡನ್ನು ಸುರಿಯುವುದು ನಿಮ್ಮದೇ ಊರಿನ ಹಳ್ಳಕ್ಕೆ.